ಹಾಲುಣ್ಣುವಾಗ ಬೆವರುತ್ತಿದ್ದ ಕೂಸು: ಪುಪ್ಪುಸ ಅಪಧಮನಿಯಿಂದ ಹುಟ್ಟಿದ ಎಡ ಕರೋನರಿಯ ಒಂದು ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರ ನಾಲ್ಕು ತಿಂಗಳ ಹೆಣ್ಣುಕೂಸನ್ನು ಮೇ ತಿಂಗಳ ಮೊದಲ ವಾರದಲ್ಲಿ ಬಳ್ಳಾರಿಗೆ ಕರೆತರಲಾಯಿತು. ಜೊತೆಗಿದ್ದ ಚೀಟಿಯಲ್ಲಿ ‘ಹಿಗ್ಗಿದ ಹೃದಯಸ್ನಾಯು ರೋಗ’ ಎಂದು ಬರೆದಿತ್ತು. ಹೃದಯದ ಸ್ನಾಯುವೇ ಮೂಲದಲ್ಲಿ ದುರ್ಬಲವಾಗಿದೆ, ಔಷಧಿ ಕೊಡುತ್ತ ಕಾಯುವುದನ್ನು ಬಿಟ್ಟರೆ ಹೆಚ್ಚೇನೂ ಮಾಡುವಂತಿಲ್ಲ ಎಂದು ತಂದೆತಾಯಿ ಆ ಚೀಟಿಯಿಂದ ಅರ್ಥಮಾಡಿಕೊಂಡಿದ್ದರು. ಎರಡು ದಿನಗಳ ಪರೀಕ್ಷೆಯ ನಂತರ ನಿಜವಾದ ಕಾರಣ ಗೊತ್ತಾಯಿತು. ಹೃದಯದ ಎಡಭಾಗಕ್ಕೆ ರಕ್ತ ಒದಗಿಸಬೇಕಾದ ಎಡ ಕರೋನರಿ ಅಪಧಮನಿಯು, ಹೃದಯದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿಯಿಂದ ಹುಟ್ಟುವ ಬದಲು, ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪುಪ್ಪುಸ ಅಪಧಮನಿಯಿಂದ ಹುಟ್ಟಿತ್ತು. ಇದು ಸುಮಾರು ಮೂರು ಲಕ್ಷ ಜನನಗಳಲ್ಲಿ ಒಂದರಲ್ಲಿ ಕಂಡುಬರುವ ಅಪರೂಪದ ಜನ್ಮಜಾತ ದೋಷ. ಚಿಕಿತ್ಸೆ ಸಿಗದಿದ್ದರೆ ಇಂಥ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತು ಮೊದಲ ವರ್ಷವನ್ನು ದಾಟುವುದಿಲ್ಲ. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಸಿಕ್ಕರೆ ಹೃದಯವು ಬಹುಮಟ್ಟಿಗೆ ತನ್ನ ಬಲವನ್ನು ಮರಳಿ ಪಡೆಯುತ್ತದೆ. ಇಷ್ಟು ದೊಡ್ಡ ಅಂತರ ಕೇವಲ ಒಂದು ರೋಗನಿರ್ಣಯದ ಮೇಲೆ ನಿಂತಿರುವುದರಿಂದಲೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

ತಂದೆತಾಯಿ ಇಬ್ಬರೂ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವವರು. ಇದು ಎರಡನೆಯ ಮಗು. ಹಿರಿಯ ಗಂಡುಮಗು ಆರೋಗ್ಯವಾಗಿದೆ. ದಿನ ತುಂಬಿ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಿ ಹುಟ್ಟಿದ ಕೂಸಿನ ತೂಕ 2.8 ಕೆ.ಜಿ. ಇತ್ತು. ಹುಟ್ಟಿದೊಡನೆ ಅತ್ತಿತ್ತು, ಮೊದಲ ದಿನವೇ ಮೊಲೆ ಹಿಡಿದಿತ್ತು, ಬಣ್ಣ ನೀಲಿಗಟ್ಟಿರಲಿಲ್ಲ. ಮೊದಲ ಒಂದೂವರೆ ತಿಂಗಳಲ್ಲಿ ದೂರುವಂಥದ್ದು ಏನೂ ಇರಲಿಲ್ಲ.

ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ತಪ್ಪದೆ ತೂಕ ಬರೆದಿಟ್ಟಿದ್ದರು. ಈ ಪ್ರಕರಣದ ಮೊದಲ ಮುಖ್ಯ ದಾಖಲೆ ಅದೇ ಎಂದು ನಾನು ಭಾವಿಸುತ್ತೇನೆ. ಆರು ವಾರಕ್ಕೆ 4 ಕೆ.ಜಿ., ಎರಡೂವರೆ ತಿಂಗಳಿಗೆ 4.2 ಕೆ.ಜಿ., ನಾಲ್ಕು ತಿಂಗಳಿಗೆ 4.1 ಕೆ.ಜಿ. ಅಂದರೆ ಮೊದಲ ಆರು ವಾರ ಚೆನ್ನಾಗಿಯೇ ಏರಿದ ಗೆರೆ ಅಲ್ಲಿಂದ ಮುಂದೆ ನೆಲ ಹಿಡಿದು ಮಲಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ನಾಲ್ಕು ತಿಂಗಳ ಹೆಣ್ಣುಮಗುವಿನ ಮಧ್ಯಮ ತೂಕ 6.4 ಕೆ.ಜಿ. ಹುಟ್ಟಿನಿಂದಲೇ ಕುಂಠಿತವಾದ ಬೆಳವಣಿಗೆಗೂ, ಎರಡನೆಯ ತಿಂಗಳಲ್ಲಿ ಹಠಾತ್ತಾಗಿ ನಿಂತುಹೋದ ಬೆಳವಣಿಗೆಗೂ ಕಾರಣಗಳು ಬೇರೆ ಬೇರೆ. ಈ ಕೂಸಿನಲ್ಲಿ ನಿಂತದ್ದು ಯಾವಾಗ ಎಂಬುದು ಏಕೆ ನಿಂತಿತು ಎಂಬುದನ್ನೂ ಹೇಳುತ್ತಿತ್ತು. ಅದನ್ನು ಮುಂದೆ ವಿವರಿಸುತ್ತೇನೆ.

ತಾಯಿಯ ಮಾತಿನಲ್ಲಿಯೇ ಹೇಳುವುದಾದರೆ, “ಕುಡಿಯಾಕ ಹತ್ತಿದ ಕೂಸು ಒಮ್ಮಿಂದೊಮ್ಮೆಲೆ ಬಿಟ್ಟು ಚೀರತೈತ್ರಿ, ಹಣಿ ತುಂಬ ಬೆವರತೈತ್ರಿ, ಮಾರಿ ಬೆಳ್ಳಗಾಗತೈತ್ರಿ.” ಒಂದೆರಡು ನಿಮಿಷ ಕುಡಿದು, ಬಿಟ್ಟು, ಚೀರಿ, ಸುಸ್ತಾಗಿ ಮಲಗಿ, ಅರ್ಧ ಗಂಟೆಗೆ ಮತ್ತೆ ಹಸಿದು ಏಳುವುದು ಎರಡು ತಿಂಗಳಿಂದ ನಡೆದಿತ್ತು. ಮನೆಯವರು ಇದನ್ನು ಹೊಟ್ಟೆನೋವು ಎಂದುಕೊಂಡು ಗ್ರೈಪ್ ವಾಟರ್ ಕುಡಿಸಿದ್ದರು, ದೃಷ್ಟಿ ತೆಗೆಸಿದ್ದರು. ಬೆವರನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಕೂಸು ಬೆವರಿದರೆ ಯಾರೂ ಬೆರಗಾಗುವುದಿಲ್ಲ. ಆದ್ದರಿಂದ ತಾಯಿಗೆ ಕೇಳಬೇಕಾದ ಪ್ರಶ್ನೆಯೆಂದರೆ, ತಂಪು ಹೊತ್ತಿನಲ್ಲಿಯೂ ಹೀಗಾಗುತ್ತದೆಯೇ ಎಂಬುದು. ಬೆಳಗಿನ ಜಾವ ಮಾಳಿಗೆಯ ಮೇಲೆ ಗಾಳಿಯಲ್ಲಿ ಮಲಗಿಸಿಕೊಂಡು ಕುಡಿಸುವಾಗಲೂ ಹಣೆ ಬೆವರುತ್ತಿತ್ತು, ಮುಟ್ಟಿದರೆ ತಣ್ಣಗಿರುತ್ತಿತ್ತು, ಕುಡಿಯುವುದು ನಿಂತ ಸ್ವಲ್ಪ ಹೊತ್ತಿಗೆ ಬೆವರೂ ನಿಲ್ಲುತ್ತಿತ್ತು ಎಂದು ಆಕೆ ತಡವರಿಸದೆ ಹೇಳಿದರು. ಸೆಖೆಯ ಬೆವರು ಕುತ್ತಿಗೆ ಬೆನ್ನುಗಳಲ್ಲಿ ಹೊತ್ತುಗೊತ್ತಿಲ್ಲದೆ ಇರುತ್ತದೆ. ಶ್ರಮಕ್ಕೆ ಅಂಟಿಕೊಂಡು ಬಂದು ಶ್ರಮದೊಂದಿಗೆ ಹೋಗುವ ತಣ್ಣನೆಯ ಬೆವರು ಹೃದಯದ್ದು.

ಇದಕ್ಕೂ ಮೊದಲು ಕೂಸನ್ನು ಎರಡು ಬಾರಿ ನ್ಯುಮೋನಿಯಾ ಎಂದು ಬೇರೆ ಕಡೆ ದಾಖಲಿಸಿ ಚುಚ್ಚುಮದ್ದು ಕೊಡಲಾಗಿತ್ತು. ಎರಡೂ ಬಾರಿ ಜ್ವರ ಇರಲಿಲ್ಲ. ಎರಡನೆಯ ಬಾರಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಹೃದಯದ ನೆರಳು ದೊಡ್ಡದಾಗಿ ಕಂಡು ಎಕೊ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸಿದ್ದರಿಂದ ಮೇಲೆ ಹೇಳಿದ ಚೀಟಿ ಬಂದಿತ್ತು. ಆ ಎಕೊ ವರದಿಯಲ್ಲಿ ‘ಕರೋನರಿಗಳು ಸಹಜ’ ಎಂಬ ಒಂದು ಸಾಲೂ ಇತ್ತು.

ಪರೀಕ್ಷೆ ಮತ್ತು ಇಸಿಜಿ

ಬಂದಾಗ ಕೂಸಿನ ನಾಡಿ ನಿಮಿಷಕ್ಕೆ 164, ಉಸಿರು ನಿಮಿಷಕ್ಕೆ 62. ಪಕ್ಕೆಲುಬುಗಳ ನಡುವಿನ ಚರ್ಮ ಒಳಸೇದುತ್ತಿತ್ತು. ಯಕೃತ್ತು ಪಕ್ಕೆಯಂಚಿನಿಂದ 4 ಸೆಂ.ಮೀ. ಕೆಳಗೆ ಸಿಕ್ಕಿತು. ರಕ್ತದ ಆಮ್ಲಜನಕದ ಮಟ್ಟ ಕೈಯಲ್ಲಿಯೂ ಕಾಲಿನಲ್ಲಿಯೂ ಶೇ. 97. ತೊಡೆಸಂದಿಯ ನಾಡಿ ಚೆನ್ನಾಗಿ ಸಿಗುತ್ತಿತ್ತು, ನಾಲ್ಕೂ ಅಂಗಗಳ ರಕ್ತದೊತ್ತಡದಲ್ಲಿ ವ್ಯತ್ಯಾಸ ಇರಲಿಲ್ಲ. ಹೀಗಾಗಿ ಈ ವಯಸ್ಸಿನಲ್ಲಿ ಹೃದಯ ಸೋಲಲು ಮುಖ್ಯ ಕಾರಣಗಳಲ್ಲೊಂದಾದ ಮಹಾಪಧಮನಿಯ ಇಕ್ಕಟ್ಟು ಇಲ್ಲಿ ಕಾರಣವಲ್ಲ ಎಂದು ಹಾಸಿಗೆಯ ಬಳಿಯಲ್ಲಿಯೇ ತಿಳಿಯಿತು. ಹೃದಯದ ತುದಿಯಲ್ಲಿ ಮೆಲುವಾದ ಮರ್ಮರ (ರಕ್ತ ಸುಳಿದು ಹರಿಯುವ ಸದ್ದು) ಮತ್ತು ಸಹಜವಾದ ಎರಡು ಸದ್ದುಗಳ ಜೊತೆಗೆ ಮೂರನೆಯ ಸದ್ದು ಕೇಳುತ್ತಿದ್ದವು.

ರಕ್ತಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ 8.4 ಗ್ರಾಂ, ಕ್ಯಾಲ್ಸಿಯಂ ಸಹಜ. ಕ್ಯಾಲ್ಸಿಯಂ ನೋಡಿದ್ದಕ್ಕೆ ಕಾರಣವಿದೆ: ವಿಟಮಿನ್ ಡಿ ಕೊರತೆಯಿಂದ ಕ್ಯಾಲ್ಸಿಯಂ ಕುಸಿದು ಎದೆಹಾಲು ಕುಡಿಯುವ ಶಿಶುವಿನ ಹೃದಯ ಹಿಗ್ಗಬಹುದು, ಮತ್ತು ಅದು ಔಷಧಿಯಿಂದಲೇ ವಾಸಿಯಾಗುವಂಥದ್ದು. ಥಯಮಿನ್ (ವಿಟಮಿನ್ ಬಿ1) ಕೊರತೆಯೂ ಈ ಭಾಗದಲ್ಲಿ ಮರೆಯಬಾರದ ಸಂಗತಿ. ಪಾಲಿಷ್ ಮಾಡಿದ ಅಕ್ಕಿಯ ಅನ್ನವೇ ಮುಖ್ಯ ಆಹಾರವಾಗಿ, ಬಾಣಂತನದ ಪಥ್ಯದಲ್ಲಿ ಬೇಳೆ, ತರಕಾರಿಗಳು ದೂರವಾದ ತಾಯಿಯ ಎದೆಹಾಲಿನಲ್ಲಿ ಥಯಮಿನ್ ಕಡಿಮೆಯಾಗುತ್ತದೆ, ಕೂಸು ದಿಢೀರನೆ ಹದಗೆಡುತ್ತದೆ, ಚುಚ್ಚುಮದ್ದು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆ ಕೊರತೆಯಲ್ಲಿ ಸಾಮಾನ್ಯವಾಗಿ ಹೃದಯದ ಬಲಭಾಗ ಹೆಚ್ಚು ಬಳಲುತ್ತದೆ. ಇಲ್ಲಿ ಎಡಭಾಗ ಬಳಲಿತ್ತು. ಆದರೂ ಅಪಾಯವಿಲ್ಲದ ಔಷಧಿಯಾದ್ದರಿಂದ ಥಯಮಿನ್ ಕೊಡಲಾಯಿತು. ಏನೂ ಬದಲಾಗಲಿಲ್ಲ.

ಇಸಿಜಿ ಮಾತ್ರ ಬಾಯಿಬಿಟ್ಟು ಹೇಳುತ್ತಿತ್ತು. ಇಸಿಜಿಯ ಒಂದೊಂದು ನೋಟದ ಕೋನಕ್ಕೆ ಲೀಡ್ ಎನ್ನುತ್ತಾರೆ; ಹೃದಯದ ಎಡ ಪಕ್ಕವನ್ನು ನೋಡುವ ಒಂದನೆಯ ಲೀಡ್, ಎವಿಎಲ್, ವಿ5 ಮತ್ತು ವಿ6ರಲ್ಲಿ ಆಳವಾದ, ಅಗಲವಾದ ಕ್ಯೂ ಅಲೆಗಳಿದ್ದವು. ಎಡ ಎದೆಯ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಬದಲಾಗಿತ್ತು. ಕೆಳಭಾಗದ ಲೀಡ್‌ಗಳಲ್ಲಿ ಅಂಥ ಕ್ಯೂ ಅಲೆ ಇರಲಿಲ್ಲ. ಐವತ್ತು ವರ್ಷದ ರೋಗಿಯಲ್ಲಿ ಇದೇ ಚಿತ್ರ ಕಂಡಿದ್ದರೆ ಹೃದಯದ ಎಡ ಪಕ್ಕದ ಗೋಡೆಗೆ ಆಘಾತವಾಗಿದೆ ಎಂದು ಯಾವ ವೈದ್ಯರಾದರೂ ಹೇಳುತ್ತಿದ್ದರು. ನಾಲ್ಕು ತಿಂಗಳ ಕೂಸಿನಲ್ಲಿ ಅದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಕೂಸಿಗೆ ಹೃದಯಾಘಾತ ಆಗಬಹುದು ಎಂಬ ಯೋಚನೆಯೇ ನಮಗೆ ಸುಲಭವಾಗಿ ಬರುವುದಿಲ್ಲ. ಮೊದಲು ನೋಡಿದ ಕಡೆ ಇಸಿಜಿ ತೆಗೆದಿರಲಿಲ್ಲ. ಎಕ್ಸ್‌ರೇಗಿಂತ ಅಗ್ಗವಾದ, ತಾಲ್ಲೂಕು ಮಟ್ಟದಲ್ಲಿಯೂ ಲಭ್ಯವಿರುವ ಈ ಪರೀಕ್ಷೆಯನ್ನು ಶಿಶುಗಳಲ್ಲಿ ಬಿಟ್ಟುಬಿಡುವ ರೂಢಿ ನನಗೆ ಬಹಳ ನೋವು ತರುತ್ತದೆ.

ದೋಷ ಕೆಲಸ ಮಾಡುವ ಬಗೆ

ಗರ್ಭದಲ್ಲಿ ಈ ದೋಷ ಕೂಸನ್ನು ಬಾಧಿಸುವುದಿಲ್ಲ. ಆಗ ಶ್ವಾಸಕೋಶಗಳು ಉಸಿರಾಡುತ್ತಿರುವುದಿಲ್ಲ. ಪುಪ್ಪುಸ ಅಪಧಮನಿಯ ಒತ್ತಡವೂ ಮಹಾಪಧಮನಿಯ ಒತ್ತಡವೂ ಹೆಚ್ಚುಕಡಿಮೆ ಸಮವಾಗಿರುತ್ತವೆ, ಎರಡರ ರಕ್ತದಲ್ಲಿ ಆಮ್ಲಜನಕದ ವ್ಯತ್ಯಾಸವೂ ಅಷ್ಟೇನೂ ಇರುವುದಿಲ್ಲ. ಹೀಗಾಗಿ ಎಡ ಕರೋನರಿ ಯಾವುದರಿಂದ ಹುಟ್ಟಿದರೂ ಅದಕ್ಕೆ ಸಾಕಷ್ಟು ರಕ್ತ ಸಿಗುತ್ತದೆ. ಹುಟ್ಟಿದ ಮೇಲೆ ಶ್ವಾಸಕೋಶದ ರಕ್ತನಾಳಗಳ ತಡೆ ದಿನದಿನಕ್ಕೆ ಇಳಿಯುತ್ತ, ಸುಮಾರು ಆರರಿಂದ ಎಂಟು ವಾರಗಳಲ್ಲಿ ಪುಪ್ಪುಸ ಅಪಧಮನಿಯ ಒತ್ತಡ ತೀರ ಕೆಳಮಟ್ಟಕ್ಕೆ ಬರುತ್ತದೆ. ಆಗ ಎಡ ಕರೋನರಿಯಲ್ಲಿ ರಕ್ತವನ್ನು ಮುಂದಕ್ಕೆ ತಳ್ಳುವ ಒತ್ತಡವೇ ಉಳಿಯುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಅನಂತರ ನಡೆಯುತ್ತದೆ. ಸರಿಯಾದ ಜಾಗದಲ್ಲಿ ಹುಟ್ಟಿದ ಬಲ ಕರೋನರಿಯಿಂದ ಸಣ್ಣ ಕೂಡುನಾಳಗಳ ಮೂಲಕ ಎಡಕ್ಕೆ ಹರಿದ ರಕ್ತವೂ ಸ್ನಾಯುವಿಗೆ ಮುಟ್ಟದೆ, ಎಡ ಕರೋನರಿಯಲ್ಲಿ ಹಿಮ್ಮುಖವಾಗಿ ಸಾಗಿ, ಒತ್ತಡ ಕಡಿಮೆಯಿರುವ ಪುಪ್ಪುಸ ಅಪಧಮನಿಗೆ ಸುರಿಯುತ್ತದೆ. ಕೂಸಿನ ತಂದೆಗೆ ಇದನ್ನು ಅವರ ಕಾಲುವೆಯ ಮಾತಿನಲ್ಲಿಯೇ ಹೇಳಿದೆವು: ನಡುವೆ ತೂಬು ಒಡೆದು ನೀರು ಹಳ್ಳಕ್ಕೆ ಹರಿದುಹೋದರೆ ಕೊನೆಭಾಗದ ಗದ್ದೆ ಒಣಗುವ ಹಾಗೆ ಎಂದು. ಮಾನ್ವಿ, ಸಿರವಾರ ಕಡೆಯ ಕೊನೆಭಾಗದ ರೈತರ ಕಷ್ಟ ಬಲ್ಲ ಅವರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ತಾಯಿ ಕಾರ್ಡಿನ ತೂಕದ ಗೆರೆ ಆರು ವಾರಗಳ ನಂತರ ನಿಂತದ್ದಕ್ಕೆ ಇದೇ ಕಾರಣ. ಹಾಲುಣ್ಣುವಾಗ ಚೀರಿದ್ದಕ್ಕೂ ಇದೇ ಕಾರಣ: ನಡೆಯದ, ಓಡದ ಕೂಸಿಗೆ ಮೊಲೆ ಚೀಪುವುದೇ ದಿನದ ಅತಿ ದೊಡ್ಡ ಶ್ರಮ. ದೊಡ್ಡವರು ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುವುದಕ್ಕೂ ಈ ಕೂಸು ಮೊಲೆ ಬಿಟ್ಟು ಚೀರುವುದಕ್ಕೂ ಒಳಗಿನ ಕಾರಣ ಒಂದೇ, ರಕ್ತ ಸಾಲದ ಹೃದಯಸ್ನಾಯುವಿನ ನೋವು. ಬ್ಲಾಂಡ್, ವೈಟ್ ಮತ್ತು ಗಾರ್ಲೆಂಡ್ ಎಂಬ ಅಮೆರಿಕದ ಮೂವರು ವೈದ್ಯರು 1933ರಲ್ಲಿ ಮೂರು ತಿಂಗಳ ಶಿಶುವೊಂದರಲ್ಲಿ ಇದನ್ನು ಗುರುತಿಸಿ, ಹಾಲುಣ್ಣುವಾಗಿನ ಆ ಸಂಕಟವನ್ನು ಹೃದಯಶೂಲೆ ಎಂದೇ ಅರ್ಥೈಸಿದರು. ಅಂದಿನಿಂದ ಈ ದೋಷಕ್ಕೆ ಅವರ ಹೆಸರೂ ಇದೆ. ರಕ್ತ ಹಿಮ್ಮುಖವಾಗಿ ಹರಿಯುತ್ತದೆ ಎಂಬುದನ್ನು ಸಬಿಸ್ಟನ್, ನೀಲ್ ಮತ್ತು ಟೌಸಿಗ್ 1960ರಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೋರಿಸಿಕೊಟ್ಟರು. ಎಡ ಕರೋನರಿಯನ್ನು ಅದು ಹುಟ್ಟುವಲ್ಲಿ ತಾತ್ಕಾಲಿಕವಾಗಿ ಒತ್ತಿಹಿಡಿದಾಗ ಅದರೊಳಗಿನ ಒತ್ತಡ ಇಳಿಯುವ ಬದಲು ಏರಿತು, ಅದರಲ್ಲಿದ್ದದ್ದು ಆಮ್ಲಜನಕ ತುಂಬಿದ ಕೆಂಪು ರಕ್ತವಾಗಿತ್ತು. ಇಂದು ಎಕೊ ಯಂತ್ರದ ಪರದೆಯಲ್ಲಿ ನಾವು ಹುಡುಕುವುದು ಆ ಹಿಮ್ಮುಖ ಹರಿವನ್ನೇ.

ಎಕೊ

ಎರಡು ಆಯಾಮದ ಚಿತ್ರದಲ್ಲಿ ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿ ದುಂಡಗೆ ಹಿಗ್ಗಿತ್ತು. ಹಿಗ್ಗಿದಾಗಿನ ಒಳವ್ಯಾಸ 36 ಮಿ.ಮೀ., ಅಂದರೆ ಈ ತೂಕದ ಕೂಸಿಗೆ ಇರಬೇಕಾದುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಪ್ರತಿ ಬಡಿತದಲ್ಲಿ ಹೊರಹಾಕುವ ರಕ್ತದ ಪಾಲು ಶೇ. 22. ಆ ಕೋಣೆಯ ಪ್ರವೇಶದಲ್ಲಿರುವ ಮೈಟ್ರಲ್ ಕವಾಟ ಸಾಕಷ್ಟು ಸೋರುತ್ತಿತ್ತು. ಇಷ್ಟನ್ನು ಹಿಂದಿನ ವರದಿಯೂ ಹೇಳಿತ್ತು. ಹೃದಯಸ್ನಾಯು ರೋಗದಲ್ಲಿ ಇವೆಲ್ಲ ಇರುತ್ತವೆ.

ಆದರೆ ಆ ರೋಗದ ಹೆಸರು ಬರೆಯುವ ಮೊದಲು ಗಮನಿಸಬೇಕಾದ ಎರಡು ಸಂಗತಿಗಳು ಅದೇ ಚಿತ್ರದಲ್ಲಿದ್ದವು. ಮೈಟ್ರಲ್ ಕವಾಟವನ್ನು ಹಿಡಿದಿಡುವ ಸ್ನಾಯುಕಂಬಗಳು ಉಳಿದ ಗೋಡೆಗಿಂತ ಹೆಚ್ಚು ಬೆಳ್ಳಗೆ ಹೊಳೆಯುತ್ತಿದ್ದವು. ರಕ್ತದ ಕೊರತೆ ಮೊದಲು ಮುಟ್ಟುವುದು ಹೃದಯದ ಒಳಪದರವನ್ನು ಮತ್ತು ಈ ಕಂಬಗಳನ್ನು. ಅಲ್ಲಿ ನಾರುಗಟ್ಟಿದ ಗಾಯವೇ ಎಕೊದಲ್ಲಿ ಬಿಳಿಯಾಗಿ ಕಾಣುತ್ತದೆ. ಎರಡನೆಯದು ಬಲ ಕರೋನರಿಯ ಅಗಲ: ಹುಟ್ಟುವಲ್ಲಿಯೇ 2.6 ಮಿ.ಮೀ., ಸಹಜಕ್ಕಿಂತ ಸುಮಾರು ಎರಡು ಪಟ್ಟು. ಹೃದಯದ ಎರಡೂ ಪಾಲಿನ ಹೊಣೆ ಹೊತ್ತ ನಾಳ ಹೀಗೆ ಅಗಲವಾಗುತ್ತದೆ. ಎಡ ಕರೋನರಿ ಕಾಣದಿದ್ದರೂ, ಬಲ ಕರೋನರಿಯ ಅಗಲವೇ ಎಡಕ್ಕೇನೋ ಆಗಿದೆ ಎಂದು ಸಾರುತ್ತದೆ.

ಹಾಗಾದರೆ ಮೊದಲ ವರದಿಯಲ್ಲಿ ಕರೋನರಿಗಳು ಸಹಜ ಎಂದು ಏಕೆ ಬಂತು? ಇದಕ್ಕೆ ನೋಡಿದವರ ಉದಾಸೀನವೇ ಕಾರಣ ಎನ್ನುವುದು ನ್ಯಾಯವಲ್ಲ. ಮಹಾಪಧಮನಿ ಮತ್ತು ಪುಪ್ಪುಸ ಅಪಧಮನಿಗಳ ಹಿಂಬದಿಯಲ್ಲಿ ಹೃದಯಾವರಣದ ಒಂದು ಮಡಿಕೆಯಿದೆ. ಕಪ್ಪುಬಿಳುಪು ಚಿತ್ರದಲ್ಲಿ ಅದು ತೆಳುವಾದ ಕಪ್ಪು ಗೆರೆಯಾಗಿ ಕಂಡು, ಎಡ ಕರೋನರಿಯು ಮಹಾಪಧಮನಿಗೇ ಸೇರಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ನಾವು ನೋಡುವಾಗಲೂ ಆ ಗೆರೆ ಅಲ್ಲಿಯೇ ಇತ್ತು, ನೋಡಲು ಅಚ್ಚುಕಟ್ಟಾದ ಸಹಜ ಕರೋನರಿಯಂತೆಯೇ ಇತ್ತು. ದೊಡ್ಡವರ ಹೃದಯಕ್ಕೆಂದು ಇಟ್ಟ ಕಡಿಮೆ ಆವರ್ತನದ ಪ್ರೋಬ್‌ನಿಂದ (ಎದೆಯ ಮೇಲಿಟ್ಟು ನೋಡುವ ಸಾಧನದಿಂದ) ಒಂದೆರಡು ಮಿಲಿಮೀಟರಿನ ನಾಳವನ್ನು ನೋಡುವಾಗ ಆ ಭ್ರಮೆ ಇನ್ನೂ ಬಲವಾಗುತ್ತದೆ. ಕಪ್ಪುಬಿಳುಪಿನಲ್ಲಿ ಕಂಡ ಜೋಡಣೆಯನ್ನು ನಂಬಿ ಕರೋನರಿ ಸಹಜ ಎಂದು ಬರೆಯುವುದು ಯಾವ ಶಿಶುವಿನಲ್ಲಿಯೂ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ, ರಕ್ತ ಹರಿಯುವ ದಿಕ್ಕನ್ನು ಬಣ್ಣಗಳಲ್ಲಿ ತೋರಿಸುವ ಬಣ್ಣದ ಡಾಪ್ಲರಿನಲ್ಲಿದೆ, ಅದೂ ಯಂತ್ರವನ್ನು ಹೊಂದಿಸಿಕೊಂಡಾಗ ಮಾತ್ರ. ಹೃದಯದ ಕೋಣೆಗಳನ್ನು ನೋಡುವ ಸಾಮಾನ್ಯ ಹೊಂದಾಣಿಕೆಯಲ್ಲಿ ಕರೋನರಿಯ ನಿಧಾನ ಹರಿವು ಕಾಣುವುದೇ ಇಲ್ಲ. ಶಿಶುಗಳ ಹೆಚ್ಚಿನ ಆವರ್ತನದ ಪ್ರೋಬ್ ಹಾಕಿ, ವೇಗದ ಮಿತಿಯನ್ನು ಸೆಕೆಂಡಿಗೆ 20ರಿಂದ 25 ಸೆಂ.ಮೀ.ಗೆ ಇಳಿಸಿ, ಬಣ್ಣದ ಚೌಕವನ್ನು ಚಿಕ್ಕದು ಮಾಡಿ ನೋಡಿದಾಗ, ಎಡ ಕರೋನರಿಯ ಮುಂಭಾಗದ ಕವಲಿನಲ್ಲಿ ಪ್ರೋಬ್ ಕಡೆಗೆ ಬರುತ್ತ ಕೆಂಪಾಗಿ ಕಾಣಬೇಕಾಗಿದ್ದ ಹರಿವು ನೀಲಿಯಾಗಿ ದೂರ ಸರಿಯುತ್ತಿತ್ತು. ಅದನ್ನು ಹಿಂಬಾಲಿಸಿದರೆ ಪುಪ್ಪುಸ ಕವಾಟದ ಸ್ವಲ್ಪ ಮೇಲೆ, ಅಪಧಮನಿಯ ಹಿಂದಿನ ಎಡ ಗೋಡೆಯಿಂದ ಒಳಕ್ಕೆ ಚಿಮ್ಮುವ ಸಣ್ಣ ಧಾರೆಯೊಂದು ಸಿಕ್ಕಿತು. ಹೃದಯ ಹಿಗ್ಗುವ ಹೊತ್ತಿನಲ್ಲಿ ಮಾತ್ರ ಅದು ಎದ್ದು ಕಾಣುತ್ತಿತ್ತು. ಗರ್ಭದಲ್ಲಿ ಮಹಾಪಧಮನಿ ಮತ್ತು ಪುಪ್ಪುಸ ಅಪಧಮನಿಗಳನ್ನು ಕೂಡಿಸಿದ್ದು, ಹುಟ್ಟಿದ ಮೇಲೆ ಮುಚ್ಚದೆ ಉಳಿದ ಡಕ್ಟಸ್ ನಾಳದ ಧಾರೆ ಇನ್ನೂ ಮೇಲೆ, ಕವಲೊಡೆಯುವ ಜಾಗದ ಬಳಿ, ಹೃದಯ ಕುಗ್ಗುವಾಗಲೂ ಹಿಗ್ಗುವಾಗಲೂ ನಿರಂತರವಾಗಿ ಇರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಬೇಕು. ಈ ಧಾರೆ ಕಂಡ ಮೇಲೆ ರೋಗನಿರ್ಣಯದಲ್ಲಿ ಬಹಳ ಸಂಶಯ ಉಳಿಯಲಿಲ್ಲ.

ಸಿಟಿ ಬೇಕಿತ್ತೇ?

ಎಕೊ ಸ್ಪಷ್ಟವಾಗಿದ್ದರೆ ಅದರ ಆಧಾರದ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ. ಶೇ. 22ರ ಹೃದಯವುಳ್ಳ ಕೂಸಿಗೆ ಮಂಪರು ಕೊಟ್ಟು ಸಿಟಿ ಯಂತ್ರದೊಳಗೆ ಮಲಗಿಸುವುದು ಹಗುರವಾದ ನಿರ್ಧಾರವಲ್ಲ. ಅರಿವಳಿಕೆಯಿಂದ ರಕ್ತದೊತ್ತಡ ಸ್ವಲ್ಪ ಕುಸಿದರೂ ಬಲ ಕರೋನರಿಯಿಂದ ಬರುವ ಅಷ್ಟಿಷ್ಟು ರಕ್ತವೂ ನಿಂತುಹೋಗಬಹುದು. ಆದರೆ ಇಲ್ಲಿ ಎರಡು ಎಕೊ ವರದಿಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಕೂಸು ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಎಡ ಕರೋನರಿ ಪುಪ್ಪುಸ ಅಪಧಮನಿಯ ಯಾವ ಮಗ್ಗುಲಿನಿಂದ, ಮಹಾಪಧಮನಿಯಿಂದ ಎಷ್ಟು ದೂರದಲ್ಲಿ ಹುಟ್ಟಿದೆ ಎಂಬುದು ಶಸ್ತ್ರಚಿಕಿತ್ಸಕರಿಗೆ ಮೊದಲೇ ತಿಳಿದರೆ ಅನುಕೂಲ. ಹೀಗಾಗಿ ಮಂಪರು ಇಲ್ಲದೆ ಮಾಡಲು ಸಾಧ್ಯವಾದರೆ ಮಾತ್ರ ಸಿಟಿ ಮಾಡುವುದೆಂದು ತೀರ್ಮಾನಿಸಲಾಯಿತು.

ಶಿಶುವಿಗೆ ಹೊಟ್ಟೆ ತುಂಬ ಹಾಲು ಕೊಟ್ಟು, ಬಿಗಿಯಾಗಿ ಸುತ್ತಿ, ಅದು ನಿದ್ದೆಹೋದಾಗ ಚಿತ್ರ ತೆಗೆಯುವುದು ರೂಢಿಯ ವಿಧಾನ. ಇಲ್ಲಿ ಹಾಲುಣ್ಣುವುದೇ ಸಂಕಟದ ಮೂಲವಾಗಿದ್ದರಿಂದ, ತಾಯಿಯ ಹಾಲನ್ನು ಹಿಂಡಿ ಮೂಗಿನ ಕೊಳವೆಯಲ್ಲಿ ನಿಧಾನವಾಗಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಮಲಗಿಸಲಾಯಿತು. ನಾಡಿ ಇಳಿಸುವ ಬೀಟಾ ಬ್ಲಾಕರ್ ಕೊಡಲಿಲ್ಲ. ದೊಡ್ಡವರ ಕರೋನರಿ ಸಿಟಿಯಲ್ಲಿ ಸಾಮಾನ್ಯವಾಗಿ ಬಳಸುವ ಆ ಔಷಧಿಯನ್ನು ಸೋತ ಹೃದಯ ತಾಳಿಕೊಳ್ಳುವುದಿಲ್ಲ. 80 ಕಿಲೊವೋಲ್ಟಿನ ಕಡಿಮೆ ವಿಕಿರಣದಲ್ಲಿ, ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ದ್ರವವನ್ನು 8 ಮಿ.ಲೀ. ಬಳಸಿ, ಇಸಿಜಿಗೆ ಹೊಂದಿಸಿ ಚಿತ್ರ ತೆಗೆಯಲಾಯಿತು. ನಿಮಿಷಕ್ಕೆ 150ರ ಮೇಲಿನ ಬಡಿತದಲ್ಲಿ ಕವಲುಗಳ ತುದಿಗಳು ಮಸುಕಾದವು, ಅದು ನಿರೀಕ್ಷಿತವೇ ಆಗಿತ್ತು. ಬೇಕಿದ್ದದ್ದು ಹುಟ್ಟಿನ ಜಾಗ ಮಾತ್ರ, ಅದು ಸ್ಪಷ್ಟವಾಗಿ ಸಿಕ್ಕಿತು: ಎಡ ಕರೋನರಿಯ ಕಾಂಡ ಪುಪ್ಪುಸ ಅಪಧಮನಿಯ ಹಿಂಬದಿಯ, ಮಹಾಪಧಮನಿಗೆ ಹತ್ತಿರದ ಮಗ್ಗುಲಿನಿಂದ ಹೊರಟಿತ್ತು, ಎಡ ಕರೋನರಿ ಹುಟ್ಟಬೇಕಾಗಿದ್ದ, ಮಹಾಪಧಮನಿಯ ಬುಡದ ಎಡ ಸೈನಸ್‌ನಿಂದ (ಉಬ್ಬಿನಿಂದ) ಯಾವ ನಾಳವೂ ಹುಟ್ಟಿರಲಿಲ್ಲ. ಕೂಡುನಾಳಗಳು ತೀರ ಸಣ್ಣವಿದ್ದವು. ಇಂಥ ದೋಷವಿದ್ದೂ ಕೂಡುನಾಳಗಳು ದಟ್ಟವಾಗಿ ಬೆಳೆದವರು ಕೆಲವರು ದೊಡ್ಡವರಾಗುವವರೆಗೆ ಬದುಕುತ್ತಾರೆ. ಈ ಕೂಸಿಗೆ ಆ ದಾರಿ ಇರಲಿಲ್ಲ.

ಬೆಂಗಳೂರಿನ ದಾರಿ

ಶಸ್ತ್ರಚಿಕಿತ್ಸೆಗೆ ಮೊದಲಿನ ಆರೈಕೆಯಲ್ಲಿ ಕೊಟ್ಟದ್ದಕ್ಕಿಂತ ಕೊಡದೆ ಬಿಟ್ಟದ್ದು ಮುಖ್ಯವಾಗಿತ್ತು. ಉಸಿರುಗಟ್ಟುವ ಕೂಸನ್ನು ಕಂಡರೆ ಯಾರ ಕೈಯಾದರೂ ಮೊದಲು ಆಮ್ಲಜನಕದ ಮುಖವಾಡಕ್ಕೆ ಹೋಗುತ್ತದೆ. ಆದರೆ ಆಮ್ಲಜನಕ ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸಿ ಪುಪ್ಪುಸ ಅಪಧಮನಿಯ ಒತ್ತಡವನ್ನು ಮತ್ತಷ್ಟು ಇಳಿಸುತ್ತದೆ; ಒತ್ತಡ ಇಳಿದಷ್ಟೂ ಕರೋನರಿಯ ರಕ್ತ ಅತ್ತ ಹೆಚ್ಚು ಸೋರುತ್ತದೆ. ಶೇ. 97ರ ಮಟ್ಟವಿರುವ ಈ ಕೂಸಿಗೆ ಆಮ್ಲಜನಕ ಬೇಕಿರಲೇ ಇಲ್ಲ. ರಕ್ತನಾಳ ಸಡಿಲಿಸುವ ಔಷಧಿಗಳಲ್ಲಿಯೂ ಅದೇ ಎಚ್ಚರ ಬೇಕು, ಏಕೆಂದರೆ ಮಹಾಪಧಮನಿಯ ಒತ್ತಡ ಕುಸಿದರೆ ಬಲ ಕರೋನರಿಯ ಹರಿವೂ ಕುಸಿಯುತ್ತದೆ. ಮೂತ್ರವರ್ಧಕವನ್ನು ಅಳತೆಯಿಂದ ಕೊಟ್ಟು, ರಕ್ತಹೀನತೆಗೆ ಸ್ವಲ್ಪ ರಕ್ತವನ್ನು ಬಹಳ ನಿಧಾನವಾಗಿ ಏರಿಸಿ, ಹಾಲನ್ನು ಕೊಳವೆಯಲ್ಲಿಯೇ ಮುಂದುವರಿಸಲಾಯಿತು. ಕೊಳವೆಯ ಹಾಲು ಶುರುವಾದ ದಿನದಿಂದಲೇ ಚೀರುವುದೂ ಬೆವರುವುದೂ ತಗ್ಗಿದವು.

ಆಂಬುಲೆನ್ಸಿನ ಶುಶ್ರೂಷಕರಿಗೆ ಕೊಟ್ಟ ಪತ್ರದಲ್ಲಿ ಮೊದಲ ಸಾಲಿನಲ್ಲಿಯೇ, ಮಟ್ಟ ಶೇ. 92ಕ್ಕಿಂತ ಕೆಳಗಿಳಿಯದ ಹೊರತು ಆಮ್ಲಜನಕ ಬೇಡ ಎಂದು ಕಾರಣಸಹಿತ ಕನ್ನಡದಲ್ಲಿ ಬರೆಯಲಾಗಿತ್ತು. ರಾತ್ರಿಯ ಹೆದ್ದಾರಿಯಲ್ಲಿ ಹೆದರಿದ ಮನಸ್ಸು ಮುಖವಾಡವನ್ನು ಹುಡುಕುವುದು ಸಹಜವಾದ್ದರಿಂದ, ಕಾರಣ ತಿಳಿಸದ ಬರೀ ನಿಷೇಧವನ್ನು ಪಾಲಿಸುವುದು ಕಷ್ಟ. ವೆಚ್ಚವನ್ನು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಭರಿಸಲಾಯಿತು. ಮಕ್ಕಳ ಹುಟ್ಟು ದೋಷಗಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಿಬ್ಬಂದಿ ಪಡಿತರ ಚೀಟಿ, ಅನುಮೋದನೆ ಮುಂತಾದ ಕಾಗದಪತ್ರಗಳನ್ನು ಬೇಗ ಮುಗಿಸಿಕೊಟ್ಟರು.

ಶಸ್ತ್ರಚಿಕಿತ್ಸೆಯಲ್ಲಿ ಎಡ ಕರೋನರಿಯ ಬುಡವನ್ನು ಸುತ್ತಲಿನ ಗೋಡೆಯ ಗುಂಡಿಯಷ್ಟು ತುಣುಕಿನೊಂದಿಗೆ ಪುಪ್ಪುಸ ಅಪಧಮನಿಯಿಂದ ಬಿಡಿಸಿ ಮಹಾಪಧಮನಿಗೆ ಕೂಡಿಸಲಾಯಿತು. 1960ರ ಸುಮಾರಿನಲ್ಲಿ ಈ ನಾಳವನ್ನು ಕಟ್ಟಿಹಾಕಿ ಸೋರಿಕೆಯನ್ನಷ್ಟೇ ನಿಲ್ಲಿಸುತ್ತಿದ್ದರು. 1974ರಲ್ಲಿ ನೇರ ಮರುಜೋಡಣೆಯೂ, ಬುಡ ದೂರದಲ್ಲಿದ್ದಾಗ ಪುಪ್ಪುಸ ಅಪಧಮನಿಯೊಳಗೇ ಸುರಂಗ ಕಟ್ಟುವ ತಕೆಯುಚಿ ವಿಧಾನ 1979ರಲ್ಲಿಯೂ ವರದಿಯಾದ ಮೇಲೆ, ಹೃದಯಕ್ಕೆ ಮತ್ತೆ ಎರಡು ಕರೋನರಿಗಳು ಸಿಗುವಂತಾಯಿತು. ಈ ಕೂಸಿನಲ್ಲಿ ಬುಡ ಮಹಾಪಧಮನಿಗೆ ಹತ್ತಿರವಿದ್ದದ್ದರಿಂದ ಸುರಂಗ ಬೇಕಾಗಲಿಲ್ಲ. ಮೈಟ್ರಲ್ ಕವಾಟವನ್ನು ಮುಟ್ಟಲಿಲ್ಲ. ಸ್ನಾಯುವಿಗೆ ರಕ್ತ ಮುಟ್ಟಿ ಹೃದಯ ಕುಗ್ಗಿದರೆ ಸೋರಿಕೆ ತಾನಾಗಿ ಕಡಿಮೆಯಾಗುವುದೇ ಹೆಚ್ಚು. ಎದೆಯನ್ನು ಎರಡು ದಿನ ತೆರೆದಿಟ್ಟು ಆಮೇಲೆ ಮುಚ್ಚಲಾಯಿತು, ಐದನೆಯ ದಿನ ಕೃತಕ ಉಸಿರಾಟದಿಂದ ಬಿಡಿಸಲಾಯಿತು. ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾತ್ಕಾಲಿಕವಾಗಿ ದೇಹದ ಹೊರಗೆ ನಡೆಸುವ, ಸಿದ್ಧವಾಗಿಟ್ಟಿದ್ದ ಎಕ್ಮೊ ಯಂತ್ರದ ಅಗತ್ಯ ಬೀಳಲಿಲ್ಲ.

ನಂತರದ ಸ್ಥಿತಿ

ಬಿಡುಗಡೆಯ ಹೊತ್ತಿಗೆ ಹೃದಯದ ಹೊರಹಾಕುವ ಪಾಲು ಶೇ. 28 ಮಾತ್ರ ಇತ್ತು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದೆ ಎಂದು ಕೇಳಿಬಂದ ತಂದೆತಾಯಿಗೆ ಆ ಅಂಕಿ ಕಂಡು ಗಾಬರಿಯಾಗಿತ್ತು. ಬಹುಕಾಲ ರಕ್ತ ಸಾಲದೆ ಮಂಕಾದ ಸ್ನಾಯು ಸತ್ತಿಲ್ಲ, ಎಚ್ಚರಗೊಳ್ಳಲು ತಿಂಗಳುಗಳು ಬೇಕು ಎಂದು ಹಲವು ಬಾರಿ ಕುಳಿತು ಹೇಳಬೇಕಾಯಿತು. ಮೂರು ತಿಂಗಳಿಗೆ ಅದು ಶೇ. 41, ಒಂದು ವರ್ಷಕ್ಕೆ ಶೇ. 57 ಆಯಿತು. ಮೈಟ್ರಲ್ ಸೋರಿಕೆ ಅಲ್ಪಕ್ಕೆ ಇಳಿದಿದೆ. ಎಡ ಕರೋನರಿಯ ಹರಿವು ಈಗ ಸರಿಯಾದ ದಿಕ್ಕಿನಲ್ಲಿದೆ. ಎವಿಎಲ್ ಲೀಡಿನ ಕ್ಯೂ ಅಲೆ ಚಿಕ್ಕದಾಗಿದೆ, ಪೂರ್ತಿ ಹೋಗಿಲ್ಲ; ಸ್ನಾಯುಕಂಬಗಳ ಬಿಳುಪೂ ಉಳಿದಿದೆ. ತಡವಾದ ಆ ಎರಡು ತಿಂಗಳುಗಳ ಗುರುತು ಅಲ್ಲಿ ಇನ್ನೂ ಇದೆ ಎಂದೇ ನಾನು ಅದನ್ನು ಓದುತ್ತೇನೆ. ಒಂದು ವರ್ಷ ನಾಲ್ಕು ತಿಂಗಳಿಗೆ ತೂಕ 8.6 ಕೆ.ಜಿ.

ಅಣ್ಣನಿಗೂ ಹೀಗಿರಬಹುದೇ ಎಂದು ಮನೆಯವರು ಕೇಳಿದ್ದರು. ಈ ದೋಷ ಸಾಮಾನ್ಯವಾಗಿ ವಂಶದಲ್ಲಿ ಹರಿದುಬರುವುದಿಲ್ಲ. ಸಮಾಧಾನಕ್ಕೆಂದು ಅವನಿಗೂ ಎಕೊ ಮಾಡಲಾಯಿತು, ಎರಡೂ ಕರೋನರಿಗಳು ಸರಿಯಾದ ಜಾಗದಲ್ಲಿದ್ದವು. ಕರೋನರಿಗಳ ಹುಟ್ಟಿನ ವ್ಯತ್ಯಾಸಗಳೆಲ್ಲ ಇಷ್ಟು ಅಪಾಯಕಾರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ 1,26,595 ಆಂಜಿಯೋಗ್ರಾಮ್‌ಗಳನ್ನು ಪರಿಶೀಲಿಸಿ ಯಮನಾಕ ಮತ್ತು ಹಾಬ್ಸ್ 1990ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇ. 1.3ರಷ್ಟು ಜನರಲ್ಲಿ ಏನಾದರೊಂದು ವ್ಯತ್ಯಾಸವಿತ್ತು. ಅವುಗಳಲ್ಲಿ ಬಹುಪಾಲು ಹಾನಿಯಿಲ್ಲದವು. ಬೇರೆ ಕಾರಣಕ್ಕೆ ಸಿಟಿ ಮಾಡಿಸಿಕೊಂಡ ದೊಡ್ಡವರಲ್ಲಿ ಇಂಥದೊಂದು ಕಂಡರೆ, ಅದು ಯಾವ ಬಗೆಯದು, ನಾಳ ಎರಡು ಮಹಾನಾಳಗಳ ನಡುವೆ ಹಾದುಹೋಗುತ್ತದೆಯೇ ಎಂದು ವಿಚಾರಿಸುವ ಮುನ್ನ ಭಯಪಡಬೇಕಿಲ್ಲ. ಹಾಗೆ ನಡುವೆ ಹಾದುಹೋಗುವ ಎಡ ಕರೋನರಿಯಲ್ಲಿ ಇಸಿಜಿ ಪೂರ್ತಿ ಸಹಜವಾಗಿದ್ದೂ ಆಟದ ಮೈದಾನದಲ್ಲಿ ತರುಣರು ಹಠಾತ್ತಾಗಿ ಕುಸಿದು ಸಾಯುವುದುಂಟು. ನಮ್ಮ ಕೂಸಿನ ದೋಷ ಅದಕ್ಕೆ ಪೂರ್ತಿ ಬೇರೆ: ಇಲ್ಲಿ ಇಸಿಜಿ, ಬಲ ಕರೋನರಿಯ ಅಗಲ, ತಾಯಿಯ ಮಾತು, ತೂಕದ ಗೆರೆ ಎಲ್ಲವೂ ಒಂದೇ ಕಡೆಗೆ ಬೊಟ್ಟುಮಾಡುತ್ತಿದ್ದವು.

ಈ ಪ್ರಕರಣದ ನಂತರ ನಮ್ಮಲ್ಲಿ ಶಿಶುಗಳ ಎಕೊ ವರದಿಯ ನಮೂನೆಯಲ್ಲಿ ‘ಕರೋನರಿಗಳು ಸಹಜ’ ಎಂಬ ಸಿದ್ಧ ಸಾಲನ್ನು ತೆಗೆದುಹಾಕಿ, ಎಡ ಕರೋನರಿ ಎಲ್ಲಿಂದ ಹುಟ್ಟಿದೆ, ಬಣ್ಣದ ಡಾಪ್ಲರಿನಲ್ಲಿ ಅದರ ಹರಿವು ಯಾವ ದಿಕ್ಕಿಗೆ ಇದೆ, ಬಲ ಕರೋನರಿಯ ಅಗಲ ಎಷ್ಟು ಎಂದು ಮೂರು ಖಾಲಿ ಜಾಗಗಳನ್ನು ಇಡಲಾಗಿದೆ. ನೋಡಲಾಗದಿದ್ದರೆ ನೋಡಲಾಗಲಿಲ್ಲ ಎಂದು ಬರೆದು ಮಗುವನ್ನು ಮುಂದಕ್ಕೆ ಕಳುಹಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಿರಲೆಂದು ಕೂಸಿಗೆ ಕೊಡುತ್ತಿದ್ದ ಆಸ್ಪಿರಿನ್ ಅನ್ನು ಈಗ ನಿಲ್ಲಿಸಲಾಗಿದೆ. ವರ್ಷಕ್ಕೊಮ್ಮೆ ಎಕೊ ಮತ್ತು ಇಸಿಜಿ ಮುಂದುವರಿಯುತ್ತವೆ. ಮರುಜೋಡಿಸಿದ ಬುಡದಲ್ಲಿ ವರ್ಷಗಳ ನಂತರ ಇಕ್ಕಟ್ಟು ಬರುವ ಸಾಧ್ಯತೆ ಇರುವುದರಿಂದ, ಅವಳು ಮಾತು ಕೇಳಿ ಉಸಿರು ಹಿಡಿಯುವ ವಯಸ್ಸಿಗೆ ಬಂದಾಗ ಒಮ್ಮೆ ಸಿಟಿಯನ್ನೂ, ಗಾಯದ ಪ್ರಮಾಣ ತಿಳಿಯಲು ಹೃದಯದ ಎಂಆರ್‌ಐಯನ್ನೂ ಮಾಡುವುದೆಂದು ತಾಯಿ ಕಾರ್ಡಿನ ಹಿಂದೆಯೇ ಬರೆದುಕೊಡಲಾಗಿದೆ.